ಬೆಲ್ಲ, ನೀರು

ಗೀಸರ್ ರಿಪೇರಿಗೆ ಬಂದ ದಸ್ತಗೀರ, ನೀರು ಕಾಯಿಸುವ ಕಾಯಿಲಿಗೆ ಕಟ್ಟಿದ್ದ ಬಿಳಿ ಕಲ್ಲನ್ನು ಕುಟ್ಟಿ ಉದುರಿಸಿದ. ನಳದ ನೀರು ಮುಟ್ಟಿದ್ದೆಲ್ಲ ಕಲ್ಲಾಗುವುದು ಊರಿಗೆ ಹೊಸದಲ್ಲ. ನೀಲವ್ವ ದಿನಾ ಹುಣಸೆರಸದಲ್ಲಿ ಕೊಡ ತಿಕ್ಕಿ, ಮಿಕ್ಕಿದ್ದರಲ್ಲಿ ಗಂಡ ಅಡಿವೆಪ್ಪನ ಕಲ್ಲುಗಟ್ಟಿದ ಕಾಲು ತಿಕ್ಕುತ್ತಿದ್ದಳು. ಆದರೂ ಕಲ್ಲು ಅವನ ಎದೆಯವರೆಗೆ ಏರಿತ್ತು.

"ನಮ್ಮ ಮನಿಯವರನ್ನೂ ಒಂದೀಟು ನೋಡಪಾ," ಎಂದಳು.

ದಸ್ತಗೀರ ಸ್ಕ್ರೂಡ್ರೈವರಿನ ಹಿಡಿಯಿಂದ ಅಡಿವೆಪ್ಪನ ಎದೆಯನ್ನು ಮೆಲ್ಲಗೆ ತಟ್ಟಿ, ಕಿವಿಗೊಟ್ಟ.

"ಒಳಗೂ ಕಟ್ಟೇತ್ರಿ ಅಕ್ಕಾರ. ಕಾಯಿಲಿನಂಗ ಬಿಚ್ಚಾಕ ಬರೂದಿಲ್ಲ. ಇನ್ನ ಆ ನೀರು ಕೊಡಬ್ಯಾಡ್ರಿ."

"ಬ್ಯಾರೆ ನೀರು ಎಲ್ಲೈತಪಾ?"

ಅವನು ಗೀಸರಿನ ಸ್ಕ್ರೂ ಬಿಗಿಮಾಡಿದ.

"ನೀರಡಿಕಿ ಆಗೇತಿ," ಎಂದ ಅಡಿವೆಪ್ಪ, ತುಟಿಯಷ್ಟೇ ಆಡಿಸಿ.

ನೀಲವ್ವ ನಳ ತಿರುವಿ ಎರಡು ಲೋಟ ತುಂಬಿದಳು. ಒಂದನ್ನು ಗಂಡನ ಬಾಯಿಗೆ ಹಿಡಿದಳು. ಮನೆಗೆ ಬಂದವರಿಗೆ ಕೊಡುವಂತೆ, ಇನ್ನೊಂದನ್ನು ಬೆಲ್ಲದ ಚೂರಿನ ಜೊತೆ ದಸ್ತಗೀರನ ಮುಂದಿಟ್ಟಳು.

ಅವನು ಬೆಲ್ಲ ಬಾಯಿಗೆ ಹಾಕಿಕೊಂಡು, ಲೋಟ ಪೂರ್ತಿ ಕುಡಿದ.