ಕರೆಂಟಿಲ್ಲದ ಅಂಗಡಿಯ ದೀಪ

"ಕಳ್ಳ ವೈರು ಸಿಗೋ ತನಕ ಯಾರೂ ಕದಲಬಾರದು," ಎಂದು ಕಟ್ಟಡದ ಮಾಲೀಕ ಬಾಗಿಲಿಗೆ ಅಡ್ಡ ನಿಂತ.

ಅವನ ಕಣ್ಣು ಕುಕ್ಕುತ್ತಿದ್ದುದು ತಲೆಯ ಮೇಲಿನ ದೀಪ. ಮಹಡಿಯ ಈ ಅಚ್ಚಿನ ಅಂಗಡಿಯನ್ನು ಖಾಲಿ ಮಾಡಿಸಿ ದೊಡ್ಡ ಷೋರೂಮು ಮಾಡುವ ಆಸೆ ಅವನಿಗೆ. ಅಂಗಡಿಯಾಕೆ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಕಡೆಗೆ ಬೀದಿ ಕಡೆಯ ಕಿಟಕಿಗಳೆಲ್ಲ ಮುಚ್ಚಿಹೋಗುವಂತೆ, ಕರಿ ಕೋಟು ತೊಟ್ಟ ತನ್ನದೇ ಚಿತ್ರದ ಬ್ಯಾನರು ಬಿಗಿಸಿದ. ದಲ್ಲಾಳಿಯೊಬ್ಬನನ್ನು ಹಿಡಿದು, ಚೌಕಾಸಿ ಮಾಡಿ ಅಗ್ಗಕ್ಕೆ ಮಾಡಿಸಿದ್ದು. ಮರುದಿನವೇ ಕರೆಂಟನ್ನೂ ಕತ್ತರಿಸಿದ. ಕತ್ತಲಲ್ಲಿ ಯಾರು ತಾನೆ ಅಚ್ಚು ಹಾಕುತ್ತಾರೆ?

ಆಕೆ ಹಾಕುತ್ತಿದ್ದಳು. ದೀಪ ಉರಿಯುತ್ತಿತ್ತು, ಶಾಯಿ ಆರಿಸುವ ಫ್ಯಾನೂ ತಿರುಗುತ್ತಿತ್ತು. ಜಾಲರಿಯ ಮೇಲೆ ರಬ್ಬರ್ ಪಟ್ಟಿ ಎಳೆದು, ತೆಳು ಪ್ಲಾಸ್ಟಿಕ್ಕಿಗೆ ಕಪ್ಪು ಶಾಯಿ ಇಳಿಸುವುದು ಅವಳ ಕಸುಬು. ತಳ್ಳುಗಾಡಿಯವರು ಬಿಸಿಲಿಗೆ ಹಿಡಿದರೆ ಕರೆಂಟು ಕೊಡುವ ಆ ಸೋಲಾರ್ ಹಾಳೆಗಳನ್ನು ಕೊಂಡು ಛತ್ರಿಗೆ ಅಂಟಿಸಿಕೊಳ್ಳುತ್ತಿದ್ದರು. ಅವಳ ಶಾಯಿಗೆ ಬಿಸಿಲು ಕುಡಿಯುವ ಚಟ ಎಂದು ಮಾರುಕಟ್ಟೆಯೆಲ್ಲ ತಮಾಷೆ ಮಾಡುತ್ತಿತ್ತು.

ಕಳ್ಳತನ ಸಾಬೀತಾದರೆ ಇವತ್ತೇ ಜಾಗ ಖಾಲಿ ಮಾಡಬೇಕು, ಆಗದಿದ್ದರೆ ತಾನು ಇನ್ನೆಂದೂ ಅಂಗಡಿ ಬಿಡಿ ಅನ್ನುವುದಿಲ್ಲ ಎಂದು ಮಾಲೀಕ ಅಕ್ಕಪಕ್ಕದ ಅಂಗಡಿಯವರ ಎದುರೇ ಸಾರಿಬಿಟ್ಟ. ಆಕೆ ಒಪ್ಪಿದಳು. ಹಾಳೆಯ ಅಂಚು ಕತ್ತರಿಸುತ್ತಿದ್ದ ಅವಳ ಅತ್ತೆ ತಲೆ ಎತ್ತಿ, "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದಳು.

ಮಾಲೀಕ ಕರೆತಂದಿದ್ದ ಎಲೆಕ್ಟ್ರಿಷಿಯನ್ ಮೂಲೆಮೂಲೆ ಜಾಲಾಡಿದ. ದೀಪದ ತಂತಿ ಹೋಗಿ ನಿಂತದ್ದು ಕಿಟಕಿಯ ಪಕ್ಕ ಅಂಟಿಸಿದ್ದ, ಕ್ಯಾಲೆಂಡರಿನಷ್ಟು ತೆಳ್ಳಗಿನ ಹಾಳೆಗಳಲ್ಲಿ. ಅವೂ ಅವಳೇ ಅಚ್ಚು ಹಾಕಿದ ಬ್ಯಾಟರಿಗಳು, ಕಟ್ಟಡದ ಲೈನಿಗೆ ಸೇರಿಲ್ಲ ಎಂದು ಅವನು ವರದಿ ಒಪ್ಪಿಸಿದ.

ಬ್ಯಾಟರಿ ಅಂದರೆ ಕೊಡ ಇದ್ದ ಹಾಗೆ, ಯಾರಾದರೂ ತುಂಬಲೇಬೇಕಲ್ಲ ಎಂದು ಮಾಲೀಕ ರೇಗಿದ. ಬಿಸಿಲು ತುಂಬುತ್ತದೆ ಎಂದಳು ಆಕೆ. ಎಲ್ಲಿಯ ಬಿಸಿಲು? ತಾರಸಿಯನ್ನು ಅವನೇ ಹತ್ತಿ ನೋಡಿದ್ದ, ಪಾರಿವಾಳಗಳ ಹೊರತು ಏನೂ ಇರಲಿಲ್ಲ. ಕಿಟಕಿಗಳನ್ನು ಅವನೇ ಮುಚ್ಚಿಸಿದ್ದ.

ಬ್ಯಾನರು ಸಡಿಲಿಸಿ ಹೊರಗೋಡೆಯನ್ನೂ ನೋಡಲೇ ಎಂದು ಎಲೆಕ್ಟ್ರಿಷಿಯನ್ ಕೇಳಿದ.

"ಅದನ್ನ ಮುಟ್ಟಿದ್ರೆ ಜೋಕೆ. ಬಿಗಿಸೋವಾಗ ನಾನೇ ಎದುರಿಗೆ ನಿಂತಿದ್ದೆ. ಗೋಡೆ ಮೇಲೆ ಒಂದು ದಾರಾನೂ ಇರ್ಲಿಲ್ಲ."

ಅದು ನಿಜವೇ ಆಗಿತ್ತು. ಹುಡುಕಲು ಇನ್ನೇನೂ ಉಳಿಯಲಿಲ್ಲ. ಬಾಗಿಲಲ್ಲಿ ನೆರೆದವರು ಮುಸಿಮುಸಿ ನಕ್ಕರು. ಮಾಲೀಕನಿಗೆ ಮೈಯೆಲ್ಲ ಉರಿಯಿತು, ಆದರೆ ಆಡಿದ ಮಾತನ್ನು ನುಂಗುವಂತಿರಲಿಲ್ಲ. ಇರಿ, ನೀವೇ ಇರಿ ಎಂದು ಗೊಣಗಿ ಮೆಟ್ಟಿಲಿಳಿದ.

ಆಕೆ ಕೈಯ ಶಾಯಿ ಒರೆಸಿಕೊಳ್ಳುತ್ತ ಹಿಂದೆಯೇ ಬಂದಳು.

"ನಿಮ್ಮ ದಲ್ಲಾಳಿ ಬ್ಯಾನರು ಮಾಡಿಸಿದ್ದು ನನ್ನ ಹತ್ರಾನೇ ಯಜಮಾನ್ರೇ, ಅಳತೆ ನೋಡಿದಾಗ್ಲೇ ನನ್ನ ಕಿಟಕಿಗೆ ಅಂತ ಗೊತ್ತಾಯ್ತು, ಅದಕ್ಕೇ ಆ ಕರಿ ಕೋಟು ಪೂರ್ತಿ ಸೋಲಾರ್ ಶಾಯೀಲೇ ಅಚ್ಚು ಹಾಕಿದೆ, ಬೇಕಾದ್ರೆ ಬಿಚ್ಚಿಸ್ಕೊಳ್ಳಿ, ಕಿಟಕಿಗೆ ಬೆಳಕಾದ್ರೂ ಬರುತ್ತೆ."