ಶೇಕಡ ತೊಂಬತ್ತನಾಲ್ಕು

“ಈ ಫ್ಯಾನಿನ ಕೆಪಾಸಿಟರ್ ವೀಕ್ ಆಗಿದೆ,” ಎಂದಳು ಬಂದ ಹೆಂಗಸು, ಕುರ್ಚಿಯಲ್ಲಿ ಕೂರುವ ಮೊದಲೇ.

ಇಂಜಿನಿಯರಿಂಗ್ ಕಾಲೇಜಿನ ಪ್ರವೇಶ ಕೌಂಟರಿನ ಹಿಂದಿದ್ದ ಯುವಕ ತಲೆ ಎತ್ತಿ ನೋಡಿದ. ಫ್ಯಾನು ಒಲ್ಲದ ಮನಸ್ಸಿನಿಂದ ತಿರುಗುತ್ತಿತ್ತು. ಎರಡು ತಿಂಗಳಿಂದ ಅದರ ಕೆಳಗೇ ಕೂತು, ಕಾಲೇಜಿನ ಮಾಹಿತಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅವನಿಗೆ ಇದು ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಇದೇ ಕಾಲೇಜಿನಲ್ಲಿ ನಾಲ್ಕು ವರ್ಷ ಎಲೆಕ್ಟ್ರಿಕಲ್ ಓದಿ ಪದವಿ ಪಡೆದವನು ಅವನು. ಕಿವಿ ಬಿಸಿಯಾಯಿತು.

ಹೆಂಗಸಿನದು ಮೋಟಾರ್ ರಿವೈಂಡಿಂಗ್ ಅಂಗಡಿ. ವಾರ್ನಿಷ್ ಹಿಡಿದು ಹಿಡಿದು ಕಂದಿದ ಅವಳ ಬೆರಳುಗಳೇ ಅದನ್ನು ಹೇಳುತ್ತಿದ್ದವು. ಪಕ್ಕದಲ್ಲಿ ಕೂತ ಮಗಳ ಬೆರಳುಗಳೂ ಅದೇ ಬಣ್ಣಕ್ಕೆ ತಿರುಗಲು ಶುರುವಾಗಿದ್ದವು. ತಾಯಿ ಸುತ್ತು ಬಳಸಿ ಮಾತಾಡುವವಳಲ್ಲ. ಇಲ್ಲಿನ ನಾಲ್ಕು ವರ್ಷದ ಫೀಸಿನಲ್ಲಿ ಅಂಗಡಿಗೆ ಒಂದು ವೈಂಡಿಂಗ್ ಮಷೀನು ಬರುತ್ತದೆ, ಅದನ್ನು ಮಾತಾಡಿಯೂ ಇಟ್ಟಾಗಿದೆ. ಮಗಳು ಸುಟ್ಟ ಮೋಟಾರನ್ನು ಬಿಚ್ಚಿ ಅರ್ಧ ದಿನದಲ್ಲಿ ತಂತಿ ಸುತ್ತಿ ಕೊಡುತ್ತಾಳೆ. ಅವಳನ್ನು ಇಲ್ಲಿಗೆ ಕಳಿಸಿದರೆ ಮಷೀನೂ ಇಲ್ಲ, ಆ ಎರಡು ಕೈಗಳೂ ಇಲ್ಲ. ಇಷ್ಟನ್ನೂ ಹೇಳಿ ಕೊನೆಗೆ ಒಂದೇ ಮಾತು ಕೇಳಿದಳು. “ಓದಿದ್ಮೇಲೆ ಕೆಲ್ಸ ಸಿಗುತ್ತೇನಪ್ಪ?”

ಯುವಕ ಮಾಹಿತಿ ಪುಸ್ತಕ ಬಿಡಿಸಿದ. ಕಳೆದ ಸಾಲಿನಲ್ಲಿ ಎಲೆಕ್ಟ್ರಿಕಲ್ ಮುಗಿಸಿದವರಲ್ಲಿ ಶೇಕಡ ತೊಂಬತ್ತನಾಲ್ಕು ಮಂದಿಗೆ ಕೆಲಸ ಸಿಕ್ಕಿದೆ ಎಂದು ದಿನಕ್ಕೆ ಇಪ್ಪತ್ತು ಸಲ ಒಪ್ಪಿಸುವ ಗಿಳಿಪಾಠ ಒಪ್ಪಿಸಿದ. ಎಲ್ಲೆಲ್ಲಿ ಎಂದು ಕೇಳಿದಳು ಹೆಂಗಸು. ಟ್ರಾನ್ಸ್‌ಫಾರ್ಮರ್ ಕಾರ್ಖಾನೆ, ವಿದ್ಯುತ್ ಕಂಪನಿ, ಲಿಫ್ಟ್ ಕಂಪನಿ ಎಂದು ಪಟ್ಟಿಯ ಮೇಲೆ ಅವನ ಬೆರಳು ಇಳಿಯಿತು. ಕೊನೆಯ ಸಾಲು, ‘ಶಿಕ್ಷಣ ಕ್ಷೇತ್ರ: ಹನ್ನೊಂದು’, ಬರುವ ಮೊದಲೇ ಪುಟ ತಿರುವಿದ. ಆ ಹನ್ನೊಂದರಲ್ಲಿ ಇಬ್ಬರು ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಚೀಟಿ ಅಂಟಿಸುತ್ತಿದ್ದರು. ಒಬ್ಬ ಈ ಕುರ್ಚಿಯಲ್ಲಿದ್ದ. ಪುಸ್ತಕದಲ್ಲಿ ಸುಳ್ಳೇನೂ ಇರಲಿಲ್ಲ, ಸಂಬಳ ಬರುವ ಕೆಲಸವೆಲ್ಲ ಕೆಲಸವೇ ತಾನೆ.

ಆಗ ಮಗಳು ಬಾಯಿಬಿಟ್ಟಳು. “ಫ್ಯಾನ್ ಮೋಟಾರಿಗೆ ಕೆಪಾಸಿಟರ್ ಯಾಕೆ ಬೇಕು ಅನ್ನೋದನ್ನ ಯಾವ ವರ್ಷ ಹೇಳ್ಕೊಡ್ತಾರೆ ಸಾರ್? ಅಮ್ಮ ಕಣ್ಮುಚ್ಚಿಕೊಂಡು ಬದಲಾಯಿಸ್ತಾಳೆ. ಯಾಕೆ ಅಂದ್ರೆ ಮಾತ್ರ, ಸುಮ್ನೆ ಕೆಲ್ಸ ನೋಡು ಅಂತಾಳೆ.”

“ಎರಡನೇ ವರ್ಷ,” ಎಂದ ಯುವಕ, ತನಗೇ ಗೊತ್ತಿಲ್ಲದೆ ಮುಂದೆ ಬಾಗಿ. “ಒಂದೇ ಫೇಸ್ ಇದ್ರೆ ಮೋಟಾರು ತಾನಾಗೇ ಶುರುವಾಗಲ್ಲ. ಆ ಕಡೆನೂ ಹೋಗಲ್ಲ, ಈ ಕಡೆನೂ ಹೋಗಲ್ಲ, ಸುಮ್ನೆ ಗುಂಯ್ ಅನ್ನುತ್ತೆ. ಒಳಗಿರೋ ಎರಡು ವೈಂಡಿಂಗಿನಲ್ಲಿ ಒಂದರ ಕರೆಂಟನ್ನ ಕೆಪಾಸಿಟರ್ ಸ್ವಲ್ಪ ಮುಂದಕ್ಕೆ ತಳ್ಳುತ್ತೆ. ಆಗ ಅದಕ್ಕೆ ದಿಕ್ಕು ಸಿಗುತ್ತೆ.”

ಹುಡುಗಿಯ ಮುಖ ಅರಳಿತು. ಅದನ್ನು ನೋಡಿ ಅವನಿಗೂ ಒಂದು ಗಳಿಗೆ ಖುಷಿಯಾಯಿತು, ಎಷ್ಟೋ ದಿನಗಳ ಮೇಲೆ. ಆಗಲೇ ಅವಳು ಕೇಳಿದಳು. “ನೀವೂ ಇದನ್ನೇ ಓದಿದ್ರಾ ಸಾರ್?”

ಹೌದು ಎಂದರೆ ಮುಗಿಯುತ್ತಿರಲಿಲ್ಲ. ಮತ್ತೆ ಇಲ್ಲಿ ಯಾಕೆ ಕೂತಿದ್ದೀರಿ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತಿತ್ತು. ಎಲೆಕ್ಟ್ರಿಕಲ್‌ನಲ್ಲಿ ಇನ್ನೂ ಆರು ಸೀಟು ಖಾಲಿ, ಗಾಜಿನ ಕೋಣೆಯಿಂದ ಮೇಲಧಿಕಾರಿ ಇತ್ತಲೇ ಕಣ್ಣಿಟ್ಟಿದ್ದ. ಆದರೆ ಯುವಕನನ್ನು ತಡೆದದ್ದು ಆ ಭಯವಲ್ಲ, ಶುದ್ಧ ನಾಚಿಕೆ.

“ಇಲ್ಲಮ್ಮ, ನಾನು ಕಾಮರ್ಸ್. ಇಲ್ಲಿ ಕೂತು ಕೂತು ಕೇಳಿಸ್ಕೊಂಡಿದ್ದು ಅಷ್ಟೆ.”

ಮನೆಯ ಗೋಡೆಯ ಮೇಲೆ ಕಪ್ಪು ಗೌನು ತೊಟ್ಟ ಅವನ ಫೋಟೋ ಇದೆ. ಬಂದವರಿಗೆಲ್ಲ ಅಪ್ಪ ಅದನ್ನು ತೋರಿಸುತ್ತಾನೆ. ಆ ಫೋಟೋವನ್ನು ಅಪ್ಪನ ಎದುರೇ ಹರಿದು ಹಾಕಿದ ಹಾಗಾಯಿತು ಅವನಿಗೆ. ಹೇಳಿದ್ದನ್ನು ಹಿಂತೆಗೆದುಕೊಳ್ಳಲು ಇನ್ನೂ ಹೊತ್ತಿತ್ತು. ಅವನು ಪೆನ್ನಿನ ಕ್ಯಾಪು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದ.

ಹೆಂಗಸು ಅವನನ್ನೂ ಮಗಳನ್ನೂ ಒಮ್ಮೆ ನೋಡಿದಳು. “ಕೇಳಿಸ್ಕೊಂಡವರಿಗೇ ಇಷ್ಟು ಗೊತ್ತಾದ್ರೆ ಓದಿದವರಿಗೆ ಎಷ್ಟು ಗೊತ್ತಾಗಬಹುದು,” ಎಂದು ತನ್ನಷ್ಟಕ್ಕೆ ಅಂದುಕೊಂಡು ಫೋನ್ ತೆಗೆದಳು. ಮಷೀನಿನವನಿಗೆ, ನಮಗೆ ಬೇಡ, ಬೇರೆ ಯಾರಿಗಾದರೂ ಕೊಟ್ಟುಬಿಡಿ ಎಂದು ಹೇಳಿ ಇಟ್ಟಳು. ಯುವಕ “ಅಮ್ಮಾ, ಇನ್ನೊಂದು ಸಲ ಮನೇಲಿ ಯೋಚ್ನೆ ಮಾಡಿ…” ಎನ್ನುವಷ್ಟರಲ್ಲಿ ಮಗಳು ಫಾರಂ ಎಳೆದುಕೊಂಡು ಹೆಸರು ಬರೆಯಲು ತೊಡಗಿದ್ದಳು. ಯೋಚಿಸಿದ್ದಾಯಿತು ಎಂದಳು ತಾಯಿ. ಸಹಿ ಬಿತ್ತು, ಹಣ ಸಂದಾಯವಾಯಿತು. ಅವನು ರಸೀದಿಗೆ ಮೊಹರು ಒತ್ತಿದ. ಅದು ಓರೆಯಾಗಿ ಬಿತ್ತು.

ಹೆಂಗಸು ರಸೀದಿ ಮಡಿಸಿ ಚೀಲಕ್ಕೆ ಸೇರಿಸಿದಳು. ಎದ್ದವಳು ಹೊರಡದೆ ನಿಂತಳು. ಹುಡುಗ ಒಳ್ಳೆಯವನಂತೆ ಕಂಡಿದ್ದ, ಅವನ ಮೇಲೆ ಕನಿಕರ ಬಂದಿತ್ತು. ಮಗಳಿಗೆ ಕೇಳಿಸದ ಹಾಗೆ ಕೌಂಟರಿನತ್ತ ಬಾಗಿ, ಮನೆಯವರಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು.

“ಬೇಜಾರು ಮಾಡ್ಕೋಬೇಡಪ್ಪ. ಇಷ್ಟು ಚುರುಕಾಗಿದ್ದೀಯ. ಆಗ ನಿಂಗೂ ಯಾರಾದ್ರೂ ಸರಿಯಾಗಿ ಹೇಳಿದ್ದಿದ್ರೆ ನೀನೂ ಇದನ್ನೇ ಓದಬಹುದಿತ್ತು. ಹೀಗೆ ಕೌಂಟರಿನಲ್ಲಿ ಕೂರೋ ಗತಿ ಬರ್ತಿರ್ಲಿಲ್ಲ.”