ಅಡುಗೆಮನೆಯ ವಾಸನೆ

ಬೆಳಗ್ಗೆ ಹತ್ತು ಗಂಟೆಗೆ, ವಾಸನೆ ಪರೀಕ್ಷಿಸಲು ಬಂದ ಇಂಜಿನಿಯರ್ ಚೆಲುವಮ್ಮನ ಅಡುಗೆಮನೆಯ ನೆಲಕ್ಕೆ ಕೊಳವೆ ಇಳಿಸಿ ಕೊರೆಸಿದ. ಮುಚ್ಚಿಹೋದ ಪೆಟ್ರೋಲ್ ಬಂಕಿನ ಟ್ಯಾಂಕ್ ಆ ಮನೆಯ ಅಡಿಯಲ್ಲೇ ಉಳಿದಿತ್ತು. "ಝೀರೋ ನೋಡಿ ಸಾರ್" ಎನ್ನುತ್ತ ಅದೇ ಬಂಕಿನಲ್ಲಿ ಪೆಟ್ರೋಲ್ ಹಾಕುತ್ತಿದ್ದ ಗಂಡ ತೀರಿಕೊಂಡ ಮೇಲೂ, ಅವನ ಮೈಯ ಪೆಟ್ರೋಲ್ ವಾಸನೆ ಮನೆ ಬಿಟ್ಟು ಹೋಗಿರಲಿಲ್ಲ.

"ಟ್ಯಾಂಕ್ ಸೋರ್ತಿದೆ ಅಷ್ಟೇ ಅಮ್ಮ. ದೆವ್ವ ಗಿವ್ವ ಏನಿಲ್ಲ," ಎಂದು ಇಂಜಿನಿಯರ್ ನಕ್ಕ. "ಮಣ್ಣು ತೆಗೆಸಿದ್ರೆ ವಾಸನೆ ಹೋಗುತ್ತೆ."

"ವಾಸನೆ ತೆಗೆದ್ಬುಟ್ರೆ ನಮ್ಮೋರು ಎಲ್ಲಿಗ್ ಹೋಯ್ತಾರಪ್ಪ?"

ಅವನು ಕೊಳವೆಯಿಂದ ಮಣ್ಣು ಉದುರಿಸಿ, ಪೆಟ್ರೋಲಿನ ಆವಿ ಅಳೆಯುವ ಮೀಟರನ್ನು ಅದಕ್ಕೆ ಹಿಡಿದ. ಮೀಟರ್ ಕೊಡವಿ ಮತ್ತೊಮ್ಮೆ ಹಿಡಿದ. ಆಮೇಲೆ ವಾಸನೆಗೆ ಮೂಗು ಮುಚ್ಚಿಕೊಂಡೇ ಅದನ್ನು ಚೆಲುವಮ್ಮನ ಕಡೆ ತಿರುಗಿಸಿದ.

"ಝೀರೋ... ನೋಡಿ."

ಚೆಲುವಮ್ಮ ಎದ್ದು, ಗಂಡ ಕೆಲಸ ಮುಗಿಸಿ ಬಂದಾಗ ಇಡುತ್ತಿದ್ದ ಹಾಗೆ, ಬಾಗಿಲಲ್ಲಿ ಕಾಲಿಗೆ ಒಂದು ಚೊಂಬು ನೀರಿಟ್ಟಳು.